ಧ್ವನಿಮುದ್ರಿಕೆ ಮತ್ತು ಕೇಳುಗ ಬಳಗ: ಸಿಂಧನೂರು, ಲಿಂಗಸುಗೂರು, ಮಸ್ಕಿ ಪರಿಸರದ ಸಂಗೀತ ಚರಿತ್ರೆಗೊಂದು ಪ್ರವೇಶ

ಸಂಗೀತದ ಚರಿತ್ರೆಯೆಂದರೆ ಹಾಡಿದವರ ಚರಿತ್ರೆ ಎಂಬ ಗ್ರಹಿಕೆ ನಮ್ಮಲ್ಲಿ ಬಲವಾಗಿದೆ. ಗುರುಪರಂಪರೆ, ಘರಾಣೆ, ರಾಜಾಶ್ರಯ, ಮಠಾಶ್ರಯಗಳನ್ನು ಕುರಿತು ಸಾಕಷ್ಟು ಬರೆಹಗಳು ಬಂದಿವೆ. ಕೇಳಿದವರು ಯಾರು, ಏನನ್ನು ಕೇಳಿದರು, ಕೇಳಿದ್ದನ್ನು ಯಾರೊಡನೆ ಹಂಚಿಕೊಂಡರು ಎಂಬ ಪ್ರಶ್ನೆಗಳು ಮಾತ್ರ ಬದಿಗೆ ಸರಿದಿವೆ. ದೊಡ್ಡ ಆಸ್ಥಾನವಾಗಲಿ ನಗರದ ಸಂಗೀತ ಸಭೆಯಾಗಲಿ ಸಮೀಪದಲ್ಲಿಲ್ಲದ ಪ್ರದೇಶಗಳಲ್ಲಿ ಈ ಪ್ರಶ್ನೆಗಳ ಮಹತ್ವ ಹೆಚ್ಚು. ಧ್ವನಿಮುದ್ರಿಕೆಯ ಸುತ್ತ ಕೂಡಿದ ಕೇಳುಗ ಬಳಗವನ್ನೂ ಒಂದು ಸಂಗೀತ ಸಂಸ್ಥೆಯೆಂದೇ ಪರಿಗಣಿಸಬೇಕೆಂಬುದು ಪ್ರಸ್ತುತ ಲೇಖನದ ನಿಲುವು. ರಾಯಚೂರು ಜಿಲ್ಲೆಯ ಸಿಂಧನೂರು, ಲಿಂಗಸುಗೂರು, ಮಸ್ಕಿ ಪರಿಸರವನ್ನು ಅದಕ್ಕೆ ನಿದರ್ಶನವಾಗಿ ಇಲ್ಲಿ ಆಯ್ದುಕೊಳ್ಳಲಾಗಿದೆ.

1948ರವರೆಗೆ ನಿಜಾಮರ ಆಳ್ವಿಕೆಯಲ್ಲಿದ್ದ ಈ ಭಾಗವು 1956ರಲ್ಲಿ ವಿಶಾಲ ಮೈಸೂರು ರಾಜ್ಯವನ್ನು ಸೇರಿತು. ಇಲ್ಲಿಯ ಕಿವಿ ಸಂಗೀತಕ್ಕೆ ಹೊಸದಲ್ಲ. ಮಾನ್ವಿ ಪರಿಸರದ ವಿಜಯದಾಸರು, ಜಗನ್ನಾಥದಾಸರು ಹಾಗೂ ಲಿಂಗಸುಗೂರಿನ ಪ್ರಾಣೇಶದಾಸರಿಂದ ಬೆಳೆದ ದಾಸರ ಪದಗಳ ಪರಂಪರೆ ಇಲ್ಲಿದೆ. ತತ್ವಪದ, ಭಜನೆಗಳು ಊರೂರಿನಲ್ಲಿಯೂ ಉಂಟು. ಇಪ್ಪತ್ತನೆಯ ಶತಮಾನದಲ್ಲಿ ವಚನಗಾಯನಕ್ಕೆ ಹೆಸರಾದ ಪಂಡಿತ ಸಿದ್ಧರಾಮ ಜಂಬಲದಿನ್ನಿ ಮತ್ತು ಅವರ ಶಿಷ್ಯರಾದ ಕ್ಲಾರಿಯೊನೆಟ್ ವಾದಕ ಪಂಡಿತ ನರಸಿಂಹಲು ವಡವಾಟಿ ಅವರು ಇದೇ ಜಿಲ್ಲೆಯವರು. ಯಂತ್ರದ ಮೂಲಕ ಬಂದ ಹಿಂದೂಸ್ತಾನಿ ಸಂಗೀತವನ್ನು ಸ್ವೀಕರಿಸಿದ್ದು ಹೀಗೆ ಪದ ಕೇಳಿ ಹದಗೊಂಡಿದ್ದ ಕಿವಿ.

ಭಾರತದಲ್ಲಿ ವಾಣಿಜ್ಯ ಧ್ವನಿಮುದ್ರಣ ವ್ಯವಸ್ಥಿತವಾಗಿ ಆರಂಭವಾದದ್ದು 1902ರಲ್ಲಿ, ಕಲಕತ್ತೆಯಲ್ಲಿ. ಮುಂದೆ 1928ರಲ್ಲಿ ಮೈಸೂರು ಅರಮನೆಯ ಆಶ್ರಯ ಪಡೆದು, 1930ರಲ್ಲಿ ಮೈಸೂರಿನಲ್ಲಿಯೇ ನಿಧನರಾದ ಗೌಹರ್ ಜಾನ್ ಅವರ ಕಂಠವನ್ನು ಆ ವರ್ಷವೇ ಮುದ್ರಿಸಿಕೊಳ್ಳಲಾಯಿತು. ತಟ್ಟೆಗಳು ಜರ್ಮನಿಯ ಕಾರ್ಖಾನೆಯಲ್ಲಿ ತಯಾರಾಗುತ್ತಿದ್ದುದರಿಂದ, ಅಲ್ಲಿಯವರು ಗುರುತು ಹಿಡಿಯಲು ಅನುಕೂಲವಾಗಲೆಂದು ಗಾಯಕರು ಹಾಡಿನ ಕೊನೆಯಲ್ಲಿ ತಮ್ಮ ಹೆಸರನ್ನು ಗಟ್ಟಿಯಾಗಿ ಹೇಳುವ ರೂಢಿ ಬಂತು. ಇಲ್ಲಿ ಮಸ್ಕಿಯನ್ನು ನೆನೆಯುವುದು ಉಚಿತ. 1915ರಲ್ಲಿ ಗಣಿ ಎಂಜಿನಿಯರ್ ಬೀಡನ್ ಅವರ ಕಣ್ಣಿಗೆ ಬಿದ್ದ ಶಾಸನದಲ್ಲಿ ‘ಅಶೋಕ’ ಎಂಬ ಹೆಸರು ದೊರೆತ ಮೇಲೆ, ‘ದೇವಾನಾಂಪ್ರಿಯ’ನು ಯಾರೆಂಬ ಚರ್ಚೆಗೆ ಖಚಿತ ಆಧಾರ ಒದಗಿತು. ಕಲ್ಲಿನ ಮೇಲಾಗಲಿ ಅರಗಿನ ಮೇಲಾಗಲಿ, ಹೆಸರು ಉಳಿದರೆ ಮಾತ್ರ ಆಕರವು ಚರಿತ್ರೆಗೆ ಒದಗುತ್ತದೆ.

ನಿಮಿಷಕ್ಕೆ 78 ಸುತ್ತಿನ ಹತ್ತು ಇಂಚಿನ ತಟ್ಟೆಯ ಒಂದು ಬದಿಗೆ ಮೂರು ನಿಮಿಷಕ್ಕಿಂತ ತುಸು ಹೆಚ್ಚಿನ ಅವಕಾಶವಿತ್ತು. ಗಂಟೆಗಟ್ಟಲೆ ಹರಡುವ ರಾಗವನ್ನು ಇಷ್ಟರಲ್ಲಿ ಅಡಕಗೊಳಿಸಬೇಕಾಯಿತು. ಇದು ಕಲೆಗೆ ಒಂದು ಕಟ್ಟು, ಕೇಳುಗನಿಗೆ ಅನುಕೂಲ. ಬೈಠಕ್ಕಿನ ಗಾಯನ ಮರಳಿ ಬಾರದು, ತಟ್ಟೆಯನ್ನಾದರೋ ಮತ್ತೆ ಮತ್ತೆ ತಿರುಗಿಸಬಹುದು, ಹೋಲಿಸಬಹುದು, ವಾದಿಸಬಹುದು. ಅಬ್ದುಲ್ ಕರೀಂ ಖಾನರ ಝಿಂಝೋಟಿ ಠುಮರಿಯ ತಟ್ಟೆಯನ್ನು ಅಂಗಡಿಯೊಂದರಲ್ಲಿ ಕೇಳಿದ ಬಾಲಕ ಭೀಮಸೇನ ಜೋಶಿ 1933ರಲ್ಲಿ ಗುರುವನ್ನರಸಿ ಮನೆ ಬಿಟ್ಟ ಸಂಗತಿ ಪ್ರಸಿದ್ಧವಾಗಿದೆ. ಗಂಗೂಬಾಯಿ ಹಾನಗಲ್ ಅವರೂ ಬಾಲ್ಯದಲ್ಲಿ ಗ್ರಾಮಫೋನಿನ ಹಾಡಿಗೆ ಬೀದಿಗೆ ಓಡುತ್ತಿದ್ದವರು. ಅವರ ಆರಂಭದ ತಟ್ಟೆಗಳಲ್ಲಿ ‘ಗಾಂಧಾರಿ’ ಎಂಬ ಹೆಸರಿದೆ. ಕಂಠವೂ ಮುಂದಿನ ಗಂಭೀರ ನಾದಕ್ಕಿಂತ ಬೇರೆ. ಹೆಸರನ್ನು ಮಾತ್ರ ನೆಚ್ಚಿದ ಸಂಶೋಧಕ ಇಲ್ಲಿ ಎಡವುವ ಸಂಭವವಿದೆ. ಅನುಭವಿ ಕೇಳುಗರ ನೆರವು ಅಗತ್ಯವಾಗುವುದು ಇಂಥಲ್ಲಿಯೇ.

ಬಾನುಲಿ ಈ ಕೇಳ್ಮೆಯನ್ನು ವಿಸ್ತರಿಸಿತು. ನಿಜಾಮ ಸರ್ಕಾರದ ಹೈದರಾಬಾದ್ ಕೇಂದ್ರವು 1950ರಲ್ಲಿ ಆಕಾಶವಾಣಿಗೆ ಸೇರಿತು. ಅದೇ ವರ್ಷದ ಜನವರಿಯಲ್ಲಿ ಧಾರವಾಡ ಕೇಂದ್ರ ಆರಂಭವಾಯಿತು. ಆಕಾಶವಾಣಿಯ ರಾಷ್ಟ್ರೀಯ ಸಂಗೀತ ಕಾರ್ಯಕ್ರಮ 1952ರಲ್ಲಿ ಮೊದಲ್ಗೊಂಡಿತು; ಕಲಬುರಗಿ ಕೇಂದ್ರ 1966ರಲ್ಲಿ ಬಂತು. ತಟ್ಟೆಯನ್ನು ಕೊಳ್ಳಲಾರದವರಿಗೂ ಮಲ್ಲಿಕಾರ್ಜುನ ಮನ್ಸೂರ, ಬಸವರಾಜ ರಾಜಗುರು ಅವರ ಗಾಯನ ಇದರಿಂದ ಎಟುಕಿತು.

ಇದೇ ಕಾಲದಲ್ಲಿ ಈ ಸೀಮೆಯ ಜನಜೀವನವೂ ಬದಲಾಯಿತು. ತುಂಗಭದ್ರಾ ಎಡದಂಡೆ ಕಾಲುವೆಯ ನೀರಿನೊಡನೆ ಸಿಂಧನೂರಿನ ಕ್ಯಾಂಪುಗಳಿಗೆ ಆಂಧ್ರದ ರೈತರು ಬಂದರು. ಮುಂದೆ ಪೂರ್ವ ಬಂಗಾಳದ ನಿರಾಶ್ರಿತರಿಗೂ ಇದೇ ತಾಲ್ಲೂಕಿನಲ್ಲಿ ನೆಲೆ ಕಲ್ಪಿಸಲಾಯಿತು. ಲಿಂಗಸುಗೂರು ತಾಲ್ಲೂಕಿನ ಹಟ್ಟಿಯ ಚಿನ್ನದ ಗಣಿ ಹಲವು ಕಡೆಯ ಕಾರ್ಮಿಕರನ್ನು ಸೆಳೆಯಿತು. ಹೀಗಾಗಿ ದಾಸರ ಪದ, ವಚನ, ಕವ್ವಾಲಿಗಳ ಜೊತೆಗೆ ತೆಲುಗು ಮತ್ತು ಬಂಗಾಳಿ ನೆನಪುಗಳೂ ಒಂದೇ ನೆಲದಲ್ಲಿ ನೆರೆಹೊರೆಯಾದವು. ಒಂದೊಂದು ಮನೆಯ ಧ್ವನಿಮುದ್ರಿಕೆಗಳ ಪೆಟ್ಟಿಗೆಯನ್ನು ವಲಸೆಯ ದಾಖಲೆಯಾಗಿಯೂ ಓದಲು ಸಾಧ್ಯವಿದೆ.

ಎಪ್ಪತ್ತರ ದಶಕದ ಆರಂಭದ ಹೊತ್ತಿಗೆ ಅರಗಿನ ತಟ್ಟೆಯ ಕಾಲ ಮುಗಿದಿತ್ತು. ಒಂದು ಬದಿಗೆ ಇಪ್ಪತ್ತು ನಿಮಿಷ ಮೀರಿ ನುಡಿಯುವ ದೀರ್ಘವಾದನ ತಟ್ಟೆ ವಿಲಂಬಿತ ಖ್ಯಾಲಕ್ಕೆ ಎಡೆಮಾಡಿತು. ಎಂಬತ್ತರ ದಶಕದಲ್ಲಿ ಹರಡಿದ ಕ್ಯಾಸೆಟ್ಟು ಇನ್ನೂ ದೊಡ್ಡ ಪಲ್ಲಟವನ್ನು ತಂದಿತು. ಅಲ್ಲಿಯವರೆಗೆ ಕೊಂಡದ್ದನ್ನು ಕೇಳುತ್ತಿದ್ದವನು ಈಗ ತಾನೇ ಮುದ್ರಿಸಿ, ಪ್ರತಿ ಮಾಡಿ ಹಂಚುವವನಾದನು. ತೊಂಬತ್ತು ನಿಮಿಷದ ಕ್ಯಾಸೆಟ್ಟಿನಲ್ಲಿ ಜಾತ್ರೆಯ ಭಜನೆ, ಮಠದ ಆರಾಧನೆಯ ಕಚೇರಿ, ಬಾನುಲಿಯ ಪ್ರಸಾರ ಎಲ್ಲವೂ ಸೆರೆಯಾಗಬಹುದಿತ್ತು. ಕಂಪನಿಗಳ ಯಾದಿಯಲ್ಲಿ ಸೇರದ ಸ್ಥಳೀಯ ಗಾಯನಕ್ಕೆ ಇಂತಹ ಪ್ರತಿಯೇ ಏಕೈಕ ಸಾಕ್ಷ್ಯವಾಗಿರುವುದುಂಟು. ಪ್ರತಿಯಿಂದ ಪ್ರತಿಗೆ ಧ್ವನಿ ಮಸುಕಾಗುತ್ತದೆ. ಉಷ್ಣ, ಧೂಳು, ಬೂಷ್ಟುಗಳಿಂದ ಸುರುಳಿ ಕೆಡುತ್ತದೆ. ಮೇಲಿನ ಚೀಟಿ ಕಳಚಿದರೆ ಹಾಡಿದವರ ಹೆಸರೇ ಅಳಿಯುತ್ತದೆ. ರಾಯಚೂರು ಸೀಮೆಯ ಬೇಸಗೆಯಲ್ಲಿ ಈ ಅಪಾಯ ಸಣ್ಣದಲ್ಲ.

1990ರಲ್ಲಿ ಮುಂಬಯಿಯಲ್ಲಿ ಸ್ಥಾಪನೆಯಾದ ಭಾರತೀಯ ಧ್ವನಿಮುದ್ರಿಕೆ ಸಂಗ್ರಾಹಕರ ಸಂಘವು ಹವ್ಯಾಸಿಗಳ ಒಡನಾಟದಿಂದಲೇ ಮೌಲಿಕ ಸೂಚಿಗಳನ್ನೂ ಲೇಖನಗಳನ್ನೂ ಹೊರತರಲು ಸಾಧ್ಯವೆಂಬುದನ್ನು ತೋರಿಸಿದೆ. ತಾಲ್ಲೂಕು ಮಟ್ಟದಲ್ಲಿಯೂ ಅಂತಹ ಕಾರ್ಯ ನಡೆಯಬೇಕು. ತಟ್ಟೆಯ ಸಂಖ್ಯೆ, ಹೆಸರುಚೀಟಿ, ರಾಗ, ತಾಳಗಳ ಜೊತೆಗೆ ಅದು ಯಾರಿಂದ ಯಾರಿಗೆ ಬಂತು, ಯಾವ ಸಂದರ್ಭದಲ್ಲಿ ಕೇಳಲಾಯಿತು, ಕೇಳಿದವರು ಏನೆಂದರು ಎಂಬ ವಿವರಗಳನ್ನೂ ದಾಖಲಿಸಬೇಕು. ಗ್ರಂಥಾಲಯಗಳು ಕ್ಯಾಸೆಟ್ಟುಗಳನ್ನು ಡಿಜಿಟಲ್ ರೂಪಕ್ಕೆ ತರುವಾಗ ಮೂಲದ ಚೀಟಿ, ಕೈಬರೆಹದ ಟಿಪ್ಪಣಿಗಳನ್ನು ಎಸೆಯದೆ ಜೋಡಿಸಿಡಬೇಕು. ಹಿರಿಯ ಕೇಳುಗರ ಮೌಖಿಕ ಹೇಳಿಕೆಗಳನ್ನು ಸಂಗ್ರಹಿಸಲು ಉಳಿದಿರುವ ಕಾಲಾವಕಾಶ ಕಡಿಮೆ.

ಒಟ್ಟಿನಲ್ಲಿ, ಗಾಯಕನು ಹಾಡಿದ್ದು ನಾದವಾದರೆ ಅದನ್ನು ಕಾಪಿಟ್ಟು ಕೈದಾಟಿಸಿದ ಬಳಗವು ಪರಂಪರೆಗೆ ಮುಂದುವರಿಕೆಯನ್ನು ಕೊಟ್ಟಿದೆ. ಮಸ್ಕಿಯ ಬಂಡೆ ಹೆಸರೊಂದನ್ನು ಎರಡು ಸಾವಿರ ವರ್ಷಗಳಿಗೂ ಮಿಗಿಲಾಗಿ ಕಾಯ್ದುಕೊಂಡಿತು. ಕ್ಯಾಸೆಟ್ಟಿಗೆ ಅಷ್ಟು ಆಯುಸ್ಸಿಲ್ಲ. ಆದುದರಿಂದ ಸಿಂಧನೂರು, ಲಿಂಗಸುಗೂರು, ಮಸ್ಕಿಗಳ ಕೇಳುಗರ ಸಂಗ್ರಹಗಳು ಶಾಸನಗಳಷ್ಟೇ ಶ್ರದ್ಧೆಯ ಸರ್ವೇಕ್ಷಣೆಗೆ ಅರ್ಹವಾಗಿವೆ.