ಹೊನ್ನಪ್ಪ ಭಾಗವತರ್: ಗಾಯಕ ನಟನ ವೃತ್ತಿಜೀವನದ ಚರಿತ್ರೆ

ಸಿ. ಹೊನ್ನಪ್ಪ ಭಾಗವತರ್ (1915–1992) ಕನ್ನಡ ರಂಗಭೂಮಿಯಿಂದ ಬಂದು ಕನ್ನಡ, ತಮಿಳು ಎರಡೂ ಭಾಷೆಗಳ ಚಿತ್ರಗಳಲ್ಲಿ ನಾಯಕನಾಗಿ ಹಾಡಿ ನಟಿಸಿದ ಕಲಾವಿದ. ಮುಂದೆ ಚಿತ್ರ ನಿರ್ಮಾಪಕ. ಹುಟ್ಟಿದ್ದು 1915ರ ಜನವರಿ 14ರಂದು, ನೆಲಮಂಗಲ ತಾಲ್ಲೂಕಿನ ಚೌಡಸಂದ್ರದಲ್ಲಿ.

ಇವರ ವೃತ್ತಿಜೀವನ ಎರಡು ಭಾಷೆಗಳ ಚಿತ್ರಚರಿತ್ರೆಗಳ ನಡುವೆ ಹರಿದು ಹಂಚಿಹೋಗಿದೆ. ಕನ್ನಡದ ಬರಹಗಳು ಗುಬ್ಬಿ ಕಂಪನಿಯ ‘ಸುಭದ್ರಾ’ದಿಂದ ‘ಮಹಾಕವಿ ಕಾಳಿದಾಸ’ಕ್ಕೆ ಬರುತ್ತವೆ, ನಡುವಿನ ತಮಿಳು ಚಿತ್ರಗಳಿಗೆ ಅಲ್ಲಿ ಒಂದೆರಡು ಸಾಲು ಸಿಕ್ಕರೆ ಹೆಚ್ಚು. ತಮಿಳಿನ ಬರಹಗಳಲ್ಲಿ ಅವರು ಬರುವುದು ತಮಿಳಿನ ಗಾಯಕ ನಟ ಎಂ.ಕೆ. ತ್ಯಾಗರಾಜ ಭಾಗವತರ್ ಜೈಲಿಗೆ ಹೋದಾಗ ತೆರವಾದ ಜಾಗ ತುಂಬಿದವರೆಂದು. ಚಿತ್ರಗಳನ್ನು ಕಾಲಾನುಕ್ರಮದಲ್ಲಿ ಜೋಡಿಸಿ ನೋಡಿದರೆ ಈ ಎರಡೂ ಚಿತ್ರಣ ಅರೆಬರೆ ಎಂಬುದು ಗೊತ್ತಾಗುತ್ತದೆ.

ಆರಂಭದ ಘಟ್ಟ ಬಹುಮಟ್ಟಿಗೆ ಪರಿಚಿತವೇ. ಗುಬ್ಬಿ ವೀರಣ್ಣನವರು ತಯಾರಿಸಿದ, ಪಿ. ಪುಲ್ಲಯ್ಯ ನಿರ್ದೇಶಿಸಿದ ‘ಸುಭದ್ರಾ’ (1941) ಅವರನ್ನು ಕನ್ನಡ ತೆರೆಗೆ ತಂದಿತು. ಆಗ ಕನ್ನಡದಲ್ಲಿ ವರ್ಷಕ್ಕೊಂದು ಚಿತ್ರ ಬಂದರೂ ದೊಡ್ಡದು. ಹಾಡುವ ನಟನಿಗೆ ನಿಲ್ಲದ ಕೆಲಸ ಬೇಕೆಂದರೆ ಗಡಿ ದಾಟಿ ತಮಿಳು ಸ್ಟುಡಿಯೊಗಳ ಬಾಗಿಲಿಗೆ ಹೋಗಬೇಕಿತ್ತು.

ಆ ಬಾಗಿಲುಗಳು ಸೇಲಂ ಮತ್ತು ಕೊಯಮತ್ತೂರಿನಲ್ಲಿದ್ದವು. ಜಪಾನಿನ ಬಾಂಬು ದಾಳಿಯ ಭೀತಿಯಿಂದ 1942ರ ಏಪ್ರಿಲ್‌ನಲ್ಲಿ ಮದರಾಸಿನ ಜನ ಊರು ಬಿಟ್ಟು ಹೊರಟಾಗ, ಕರಾವಳಿಯಿಂದ ದೂರವಿದ್ದ ಈ ಎರಡು ಊರುಗಳಲ್ಲಿ ಚಿತ್ರೀಕರಣ ನಿಲ್ಲಲಿಲ್ಲ. ಸೇಲಂನಲ್ಲಿ ಟಿ.ಆರ್. ಸುಂದರಂ ಅವರ ಮಾಡರ್ನ್ ಥಿಯೇಟರ್ಸ್ ಇತ್ತು. ಕೊಯಮತ್ತೂರಿನ ತಿರುಚ್ಚಿ ರಸ್ತೆಯ ಸಿಂಗಾನಲ್ಲೂರಿನಲ್ಲಿ, ಗಿರಣಿ ಮಾಲೀಕರ ಬಂಡವಾಳದಲ್ಲಿ ಎದ್ದ ಸೆಂಟ್ರಲ್ ಸ್ಟುಡಿಯೋಸ್ ಇತ್ತು; ಎಂ. ಸೋಮಸುಂದರಂ ಮತ್ತು ಎಸ್.ಕೆ. ಮೊಹಿದೀನ್ ಅವರ ಜೂಪಿಟರ್ ಪಿಕ್ಚರ್ಸ್ ಅಲ್ಲೇ ಚಿತ್ರಗಳನ್ನು ತಯಾರಿಸುತ್ತಿತ್ತು. ಕೊಯಮತ್ತೂರು ಕನ್ನಡಿಗನಿಗೆ ತೀರಾ ಪರಊರೂ ಆಗಿರಲಿಲ್ಲ. ನಗರದ ಉತ್ತರಕ್ಕೆ ಪೆರಿಯನಾಯಕನಪಾಳ್ಯಂ, ಕಾರಮಡೈ, ಮೇಟ್ಟುಪಾಳ್ಯಂ ಕಡೆ ಕನ್ನಡ ಮನೆಮಾತಿನ ದೇವಾಂಗ, ಒಕ್ಕಲಿಗ ಕುಟುಂಬಗಳು ತಲೆಮಾರುಗಳಿಂದ ನೆಲೆಸಿವೆ.

ಇನ್ನು ಬದಲಿ ನಟನೆಂಬ ವಿವಾದದ ಮಾತು. ಪತ್ರಕರ್ತ ಲಕ್ಷ್ಮೀಕಾಂತನ್ ಮೇಲೆ ಹಲ್ಲೆ ನಡೆದು ಅವರು ಸತ್ತದ್ದು 1944ರ ನವೆಂಬರ್‌ನಲ್ಲಿ. ಆ ಕೊಲೆ ಪ್ರಕರಣದಲ್ಲಿ ತ್ಯಾಗರಾಜ ಭಾಗವತರ್ ಬಂಧನಕ್ಕೊಳಗಾದದ್ದು ಡಿಸೆಂಬರ್‌ನಲ್ಲಿ. ಹೊನ್ನಪ್ಪ ಭಾಗವತರ್ ಅದಕ್ಕೆ ಮೊದಲೇ ‘ಸತಿ ಸುಕನ್ಯಾ’ (1942), ‘ಅರುಂಧತಿ’ (1943), ‘ರಾಜರಾಜೇಶ್ವರಿ’ (1944) ಚಿತ್ರಗಳಲ್ಲಿ ಕಾಣಿಸಿಕೊಂಡಿದ್ದರು. ‘ಬರ್ಮಾ ರಾಣಿ’ 1945ರ ಆರಂಭದಲ್ಲಿ ತೆರೆಕಂಡಿತು, ಅಂದರೆ ಅದರ ಕೆಲಸ ಬಹುಪಾಲು ಬಂಧನಕ್ಕೆ ಮುಂಚಿನದೇ ಇರಬೇಕು. ಹೀಗಿರುವಾಗ ಅವರನ್ನು ಬರೀ ಬದಲಿ ನಟನೆಂದು ಕರೆಯುವುದು ದಾಖಲೆಗೆ ಮಾಡುವ ಅನ್ಯಾಯ.

‘ಬರ್ಮಾ ರಾಣಿ’ಯನ್ನು ಪ್ರತ್ಯೇಕವಾಗಿ ನೋಡಬೇಕು. ಯುದ್ಧಕಾಲದಲ್ಲಿ ನಿರ್ಮಾಪಕರು ಯುದ್ಧಪ್ರಯತ್ನವನ್ನು ಬೆಂಬಲಿಸುವ ಚಿತ್ರ ಮಾಡಬೇಕೆಂಬ ಸರ್ಕಾರಿ ಒತ್ತಾಯವಿತ್ತು. ಕಚ್ಚಾ ಫಿಲ್ಮಿನ ಅಭಾವದಿಂದ ಚಿತ್ರದ ಉದ್ದವನ್ನು 11,000 ಅಡಿಗೆ ಮಿತಿಗೊಳಿಸಿದ್ದರು. ಅದಕ್ಕೆ ಮೊದಲು ಇದರ ಒಂದೂವರೆ ಪಟ್ಟು ಉದ್ದದ ಚಿತ್ರಗಳು ಮಾಮೂಲಾಗಿದ್ದವು. ಹಾಡಿನ ಮೇಲೆ ಹಾಡು ಪೋಣಿಸುವ ಪೌರಾಣಿಕ ಮಾದರಿಗೆ ಕತ್ತರಿ ಬಿತ್ತು. ಜಪಾನೀಯರ ವಶದಲ್ಲಿದ್ದ ಬರ್ಮಾದಲ್ಲಿ ನಡೆಯುವ ಈ ಸಮಕಾಲೀನ ಕಥೆಯಲ್ಲಿ, ಕೆ.ಎಲ್.ವಿ. ವಸಂತಾ ಅವರ ಜೊತೆ ಹೊನ್ನಪ್ಪನವರು ಕಿರೀಟ, ಭುಜಕೀರ್ತಿಗಳಿಲ್ಲದೆ ನಿಂತರು. ಕಂಪನಿ ನಾಟಕದ ಕಂಠವೊಂದಕ್ಕೆ ಇದು ಸಣ್ಣ ಪರೀಕ್ಷೆಯಲ್ಲ.

ಬದಲಿ ನಟನೆಂಬ ಮಾತು ನಿಜಕ್ಕೂ ಒಪ್ಪುವುದು ಜೂಪಿಟರ್‌ನ ‘ಶ್ರೀ ಮುರುಗನ್’ (1946) ಚಿತ್ರಕ್ಕೆ. ಅದರಲ್ಲಿ ಮುರುಗನ ಪಾತ್ರಕ್ಕೆ ಮೊದಲು ಗೊತ್ತಾಗಿದ್ದವರು ತ್ಯಾಗರಾಜ ಭಾಗವತರೇ. ಇದೇ ಚಿತ್ರದಲ್ಲಿ ಶಿವನಾಗಿ ತಾಂಡವ ಮಾಡಿದ ಎಂ.ಜಿ. ರಾಮಚಂದ್ರನ್ ಮುಂದೆ ತಾರೆಯಾದ್ದರಿಂದ, ಈಗ ಚಿತ್ರದ ಹೆಸರು ಬಂದಾಗಲೆಲ್ಲ ನೆನಪಾಗುವುದು ಆ ಕುಣಿತ. ಮುರುಗನಾಗಿ ಹಾಡಿದ ಹೊನ್ನಪ್ಪನವರು ಬದಿಗೆ ಸರಿದಿದ್ದಾರೆ. ಅದೇ ವರ್ಷ ಸೆಂಟ್ರಲ್ ಸ್ಟುಡಿಯೋಸ್‌ನ ‘ವಾಲ್ಮೀಕಿ’ಯಲ್ಲಿ ಅವರದು ಶೀರ್ಷಿಕೆ ಪಾತ್ರ. ನಿರ್ದೇಶಕರು ಮಂಗಳೂರು ಮೂಲದ ಸುಂದರರಾವ್ ನಾಡಕರ್ಣಿ, ತ್ಯಾಗರಾಜ ಭಾಗವತರ ‘ಹರಿದಾಸ್’ (1944) ಚಿತ್ರವನ್ನು ನಿರ್ದೇಶಿಸಿದವರು. ಟಿ.ಆರ್. ರಾಜಕುಮಾರಿ, ಯು.ಆರ್. ಜೀವರತ್ನಂ ಅಲ್ಲದೆ ಕಛೇರಿಗಳಲ್ಲಿ ಹೆಸರಾಗಿದ್ದ ಎನ್.ಸಿ. ವಸಂತಕೋಕಿಲಂ ಕೂಡ ತಾರಾಗಣದಲ್ಲಿದ್ದರು. ವಸಂತಕೋಕಿಲಂ ಅವರಿದ್ದ ಚಿತ್ರದಲ್ಲಿ ನಾಯಕನ ಸಂಗೀತವನ್ನು ಕೇಳುಗರು ಸಡಿಲವಾಗಿ ಅಳೆಯುವಂತಿರಲಿಲ್ಲ. ತಮಿಳು ಉದ್ಯಮ ಹೊನ್ನಪ್ಪನವರ ವಿದ್ವತ್ತನ್ನು ಎಷ್ಟು ನಂಬಿತ್ತು ಎನ್ನುವುದಕ್ಕೆ ಈ ತಾರಾಗಣಕ್ಕಿಂತ ಬೇರೆ ಸಾಕ್ಷಿ ಬೇಡ.

ಪ್ರಿವಿ ಕೌನ್ಸಿಲ್‌ವರೆಗೆ ಹೋದ ಮೊಕದ್ದಮೆಯಲ್ಲಿ ತ್ಯಾಗರಾಜ ಭಾಗವತರ್ 1947ರಲ್ಲಿ ಬಿಡುಗಡೆಯಾದರು. ಅಷ್ಟರಲ್ಲಿ ಹೊನ್ನಪ್ಪನವರ ಒಲವು ಮತ್ತೆ ಕನ್ನಡದತ್ತ ತಿರುಗಿತ್ತು: ‘ಹೇಮರೆಡ್ಡಿ ಮಲ್ಲಮ್ಮ’ (1946), ‘ಭಕ್ತ ಕುಂಬಾರ’ (1949), ಎಚ್.ಎಲ್.ಎನ್. ಸಿಂಹ ನಿರ್ದೇಶಿಸಿ ತಮಿಳಿನಲ್ಲಿ ‘ಸತ್ಯ ಶೋಧನೈ’ ಎಂದು ಬಂದ ‘ಗುಣಸಾಗರಿ’ (1953).

ಕನ್ನಡದಲ್ಲಿ ಗಾಯಕ ನಟರ ಕಾಲ ಹಿಂದೆ ಸರಿದದ್ದಕ್ಕೆ ಗಡಿಗಲ್ಲೆಂದರೆ 1954ರ ‘ಬೇಡರ ಕಣ್ಣಪ್ಪ’. ನಾಯಕ ರಾಜಕುಮಾರ್, ಹಾಡಿನ ಕಂಠ ಸಿ.ಎಸ್. ಜಯರಾಮನ್ ಅವರದು. ರಾಜಕುಮಾರ್ ಸ್ವತಃ ರಂಗದ ಮೇಲೆ ಹಾಡುತ್ತಿದ್ದವರು ಎಂಬುದನ್ನು ನೆನೆದರೆ ಪದ್ಧತಿಯೇ ಬದಲಾಗಿತ್ತೆಂದು ಸ್ಪಷ್ಟವಾಗುತ್ತದೆ. ಮರುವರ್ಷವೇ ಹೊನ್ನಪ್ಪನವರು ಲಲಿತಕಲಾ ಫಿಲ್ಮ್ಸ್ ಮೂಲಕ ‘ಮಹಾಕವಿ ಕಾಳಿದಾಸ’ ನಿರ್ಮಿಸಿ ತಾವೇ ಕಾಳಿದಾಸರಾದರು. ಕೆ.ಆರ್. ಸೀತಾರಾಮ ಶಾಸ್ತ್ರಿ ನಿರ್ದೇಶಿಸಿದ ಈ ಚಿತ್ರ ರಾಷ್ಟ್ರಪ್ರಶಸ್ತಿಗಳಲ್ಲಿ ಅರ್ಹತಾ ಪತ್ರ ಪಡೆಯಿತು, ಬಿ. ಸರೋಜಾದೇವಿಯವರ ಮೊದಲ ಚಿತ್ರವೂ ಇದೇ. ಜನಪ್ರಿಯ ಲೇಖನಗಳು ಆ ತಾರೆಯನ್ನು ಪರಿಚಯಿಸಿದ್ದನ್ನೇ ಹೊನ್ನಪ್ಪನವರ ಮುಖ್ಯ ಸಾಧನೆ ಎಂಬಂತೆ ಬರೆಯುತ್ತವೆ. ಹಾಡುವ ನಾಯಕನಿಗೆ ಬೇಡಿಕೆ ಕುಗ್ಗುತ್ತಿದ್ದ ಹೊತ್ತಿನಲ್ಲಿ, ಹಾಡುವ ನಾಯಕನನ್ನೇ ನಡುವಿಟ್ಟು ಚಿತ್ರ ತೆಗೆದ ಧೈರ್ಯ ಅದಕ್ಕಿಂತ ಹೆಚ್ಚಿನ ತೂಕದ್ದು.

ಟಿ.ವಿ. ಸಿಂಗ್ ಠಾಕೂರ್ ನಿರ್ದೇಶನದ ‘ಜಗಜ್ಯೋತಿ ಬಸವೇಶ್ವರ’ (1959) ಚಿತ್ರದಲ್ಲಿ ಅವರು ಬಸವಣ್ಣ, ರಾಜಕುಮಾರ್ ಬಿಜ್ಜಳ. ಹೊನ್ನಪ್ಪನವರು ನಿಧನರಾದದ್ದು 1992ರ ಅಕ್ಟೋಬರ್ 2ರಂದು.

ಚಿತ್ರಪಟ್ಟಿಗಳನ್ನು ಬಳಸುವಾಗ ಎರಡು ಶೀರ್ಷಿಕೆಗಳ ಬಗ್ಗೆ ಎಚ್ಚರ ಬೇಕು. ಅವರ ‘ವಾಲ್ಮೀಕಿ’ 1946ರ ತಮಿಳು ಚಿತ್ರ. ರಾಜಕುಮಾರ್ ನಟಿಸಿದ ಕನ್ನಡದ ‘ವಾಲ್ಮೀಕಿ’ 1963ರದು. ಅವರ ‘ಭಕ್ತ ಕುಂಬಾರ’ 1949ರದು. ಇಂದು ಹೆಚ್ಚಿನವರ ನೆನಪಿನಲ್ಲಿರುವ, ರಾಜಕುಮಾರ್ ಅವರ ‘ಭಕ್ತ ಕುಂಬಾರ’ ಬಂದದ್ದು ಕಾಲು ಶತಮಾನದ ನಂತರ, 1974ರಲ್ಲಿ.