ಋತುಬಂಧದ ಆಸುಪಾಸಿನ ಎಚ್‌ಪಿವಿ ಸೋಂಕು

ಹ್ಯೂಮನ್ ಪ್ಯಾಪಿಲೋಮಾ ವೈರಸ್ (ಎಚ್‌ಪಿವಿ) ಚರ್ಮ ಮತ್ತು ಲೋಳೆಪೊರೆಗಳಿಗೆ ತಗಲುವ ಡಿಎನ್‌ಎ ವೈರಸ್‌ಗಳ ಗುಂಪು. ಇದರಲ್ಲಿ 200ಕ್ಕೂ ಹೆಚ್ಚು ಬಗೆಗಳಿವೆ. ಜನನಾಂಗದ ಸೋಂಕು ಮುಖ್ಯವಾಗಿ ಲೈಂಗಿಕ ಸಂಪರ್ಕದಿಂದ ಹರಡುತ್ತದೆ. ಗರ್ಭಕೊರಳಿನ ಕ್ಯಾನ್ಸರ್‌ಗಳಲ್ಲಿ ಸುಮಾರು ಶೇ. 70ಕ್ಕೆ 16 ಮತ್ತು 18ನೆಯ ಬಗೆಗಳೇ ಕಾರಣ. ಈ ನಂಟನ್ನು ಕಂಡುಹಿಡಿದ ಜರ್ಮನಿಯ ಹೆರಾಲ್ಡ್ ಟ್ಸುರ್ ಹೌಸನ್ ಅವರಿಗೆ 2008ರಲ್ಲಿ ನೊಬೆಲ್ ಪ್ರಶಸ್ತಿ ದೊರೆಯಿತು.

ಸೋಂಕಿನ ಸ್ವರೂಪ: ಹೆಚ್ಚಿನವರಲ್ಲಿ ಸೋಂಕು ಒಂದೆರಡು ವರ್ಷಗಳಲ್ಲಿ ತಾನಾಗಿಯೇ ಅಡಗುತ್ತದೆ. ಎಳೆಯ ಪ್ರಾಯದಲ್ಲಿ ಅತಿ ಹೆಚ್ಚಾಗಿ ಕಾಣುವ ಇದು ಆಮೇಲೆ ಇಳಿಮುಖವಾದರೂ, ಕೆಲವು ದೇಶಗಳಲ್ಲಿ ಋತುಬಂಧದ ಸುಮಾರಿಗೆ ಮತ್ತೆ ಏರುವುದುಂಟು. ಹೊಸ ಸಂಪರ್ಕ ಇದಕ್ಕೆ ಕಾರಣವಿರಬಹುದು. ಪರೀಕ್ಷೆಗೆ ಸಿಗದಷ್ಟು ಕಡಿಮೆ ಪ್ರಮಾಣದಲ್ಲಿ ಉಳಿದಿದ್ದ ಹಳೆಯ ವೈರಸ್, ರೋಗನಿರೋಧಕ ಶಕ್ತಿ ಕುಗ್ಗಿದಾಗ ಮರಳಿ ಚುರುಕಾಗಿರಲೂಬಹುದು. ಆದ್ದರಿಂದ ಐವತ್ತರಲ್ಲಿ ಪತ್ತೆಯಾದ ಸೋಂಕು ಯಾವಾಗ, ಯಾರಿಂದ ಬಂತೆಂದು ಹೇಳಲಾಗದು. ದಾಂಪತ್ಯದ್ರೋಹಕ್ಕೆ ಅದು ಪುರಾವೆಯಲ್ಲ. ಹೆಚ್ಚು ಅಪಾಯವಿರುವುದು ವರ್ಷಗಟ್ಟಲೆ ಉಳಿದುಕೊಳ್ಳುವ ಸೋಂಕಿನಿಂದ.

ಪತ್ತೆ: ಋತುಬಂಧದಲ್ಲಿ ಈಸ್ಟ್ರೊಜನ್ ಹಾರ್ಮೋನು ಇಳಿದಂತೆ ಯೋನಿ ಮತ್ತು ಗರ್ಭಕೊರಳಿನ ಹೊರಪದರ ತೆಳುವಾಗಿ ಒಣಗುತ್ತದೆ. ಕ್ಯಾನ್ಸರ್ ಸಾಮಾನ್ಯವಾಗಿ ಮೊಳೆಯುವ ಜೀವಕೋಶಗಳ ವಲಯ ಗರ್ಭಕೊರಳಿನ ನಾಳದೊಳಕ್ಕೆ ಸರಿಯುತ್ತದೆ. ಹೀಗಾಗಿ ಅಸಿಟಿಕ್ ಆಮ್ಲ ಹಚ್ಚಿ ಕಣ್ಣಿನಿಂದ ನೋಡುವ ಪರೀಕ್ಷೆ ಈ ವಯಸ್ಸಿನಲ್ಲಿ ಅಷ್ಟು ನಂಬಲರ್ಹವಲ್ಲ. ಗರ್ಭಕೊರಳಿನ ಜೀವಕೋಶಗಳನ್ನು ತೆಗೆದು ನೋಡುವ ಪ್ಯಾಪ್ ಪರೀಕ್ಷೆಯಲ್ಲೂ ಅವು ಸಾಕಷ್ಟು ಸಿಗದಿರಬಹುದು. ಒಣಗಿದ ಜೀವಕೋಶಗಳೇ ರೋಗದಂತೆ ತೋರಬಹುದು. ಅಂಥ ಸಂದರ್ಭದಲ್ಲಿ ವೈದ್ಯರು ಕೆಲವು ವಾರ ಈಸ್ಟ್ರೊಜನ್ ಲೇಪ ಕೊಟ್ಟು ಮತ್ತೆ ಪರೀಕ್ಷಿಸುವುದುಂಟು. ವೈರಸ್ಸನ್ನೇ ಹುಡುಕುವ ಎಚ್‌ಪಿವಿ ಡಿಎನ್‌ಎ ಪರೀಕ್ಷೆಗೆ ಈ ತೊಡಕು ಕಡಿಮೆ. ಮಾದರಿಯನ್ನು ಮಹಿಳೆಯೇ ತೆಗೆದುಕೊಡಬಹುದು. ಮಹಾರಾಷ್ಟ್ರದ ಅಂದಿನ ಉಸ್ಮಾನಾಬಾದ್ ಜಿಲ್ಲೆಯ ಹಳ್ಳಿಗಳಲ್ಲಿ 30ರಿಂದ 59 ವರ್ಷದವರ ಮೇಲೆ ನಡೆದು 2009ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ, ಒಂದೇ ಬಾರಿಯ ಎಚ್‌ಪಿವಿ ಪರೀಕ್ಷೆ ಗರ್ಭಕೊರಳಿನ ಕ್ಯಾನ್ಸರಿನ ಸಾವುಗಳನ್ನು ಸುಮಾರು ಅರ್ಧಕ್ಕಿಳಿಸಿತು.

ತಪಾಸಣೆ ಮತ್ತು ಚಿಕಿತ್ಸೆ: ವಿಶ್ವ ಆರೋಗ್ಯ ಸಂಸ್ಥೆಯ 2021ರ ಮಾರ್ಗಸೂಚಿಯಂತೆ 30ನೆಯ ವಯಸ್ಸಿನಿಂದ 5ರಿಂದ 10 ವರ್ಷಕ್ಕೊಮ್ಮೆ ಎಚ್‌ಪಿವಿ ಡಿಎನ್‌ಎ ಪರೀಕ್ಷೆ ಸಾಕು; 50 ದಾಟಿದ ಮೇಲೆ, ಸತತ ಎರಡು ಬಾರಿ ಸೋಂಕಿಲ್ಲವೆಂದು ಬಂದಿದ್ದರೆ ನಿಲ್ಲಿಸಬಹುದು. ಮುಟ್ಟು ನಿಂತಿತೆಂಬುದೊಂದೇ ತಪಾಸಣೆ ಬಿಡಲು ಕಾರಣವಾಗದು. ವೈರಸ್ಸಿಗೆ ನೇರ ಔಷಧಿಯಿಲ್ಲ. ಅದು ಉಂಟುಮಾಡಿದ ಕ್ಯಾನ್ಸರ್‌ಪೂರ್ವ ಗಾಯಗಳನ್ನು ಸುಟ್ಟು ಅಥವಾ ಕತ್ತರಿಸಿ ತೆಗೆಯುತ್ತಾರೆ. ಲಸಿಕೆ ಹೊಸ ಸೋಂಕನ್ನು ತಡೆಯುತ್ತದೆ, ಇರುವುದನ್ನು ಗುಣಪಡಿಸದು. ಮುಟ್ಟು ನಿಂತು ವರ್ಷವಾದ ಮೇಲೆ ರಕ್ತ ಕಂಡರೆ, ಹಿಂದಿನ ವರದಿ ಏನೇ ಇದ್ದರೂ, ವೈದ್ಯರನ್ನು ಕಾಣಬೇಕು.