ಶಿಕ್ಕಾದ ಆಯುಷ್ಯ

ಜೇವರ್ಗಿಯಿಂದ ಫೋನ್ ಬಂದರೆ ಮೊದಲ ಮಾತು ಹೆಚ್ಚುಕಡಿಮೆ ಇದೇ: “ಸರ್, ನೆಟ್ ಖರಾಬ್ ಆಗ್ಯಾದ್ರೀ. ಒಂದೂ ಸೈಟ್ ತೆಗೀವಲ್ದು.”

ನಾನು ಕೇಳುವುದೂ ಇದೊಂದೇ: “ಕಂಪ್ಯೂಟರಿನ್ಯಾಗ ಇವತ್ತಿನ ತಾರೀಖ ಎಷ್ಟ ತೋರಸ್ಲಿಕತ್ತದ ನೋಡಪ್ಪ.”

ಆ ಕಡೆ ಸ್ವಲ್ಪ ಹೊತ್ತು ಸದ್ದಿಲ್ಲ. ಆಮೇಲೆ: “ಜನವರಿ ಒಂದು, 2009 ರೀ.”

ಮದರ್‌ಬೋರ್ಡಿನ ಮೇಲೆ ರೂಪಾಯಿ ನಾಣ್ಯದಷ್ಟು ಅಗಲದ ಸೆಲ್ ಒಂದು ಇರುತ್ತದೆ, ಸಿಆರ್2032. ಅದು ಸತ್ತಿದೆ. ರಾತ್ರಿ ಕರೆಂಟು ಹೋದಾಗ ಗಡಿಯಾರ ಹಿಂದಕ್ಕೆ ಓಡಿದೆ. 2009ರಲ್ಲಿ ನಿಂತು ನೋಡುವ ಯಂತ್ರಕ್ಕೆ ಇವತ್ತಿನ ಯಾವ ವೆಬ್‌ಸೈಟಿನ ಸರ್ಟಿಫಿಕೇಟೂ ಇನ್ನೂ ಹುಟ್ಟಿಲ್ಲ. ಹುಟ್ಟದ ಸರ್ಟಿಫಿಕೇಟನ್ನು ಬ್ರೌಸರ್ ಒಪ್ಪುವುದಿಲ್ಲ. ಸೆಲ್ ಬದಲಿಸಿದರೆ ನೆಟ್ ‘ರಿಪೇರಿ’.

ಆಳಂದದಲ್ಲಿ ನನ್ನದೊಂದು ಸಣ್ಣ ಆನ್‌ಲೈನ್ ಅಂಗಡಿ. ಅದರ ಜೊತೆಗೆ ಇಲ್ಲಿಯ, ಅಫಜಲಪುರದ, ಜೇವರ್ಗಿಯ ಕೆಲವು ಸಂಸ್ಥೆಗಳ ವೆಬ್‌ಸೈಟು ನೋಡಿಕೊಳ್ಳುತ್ತೇನೆ. ಸರ್ಟಿಫಿಕೇಟು ಅಂದರೇನು ಅಂತ ಕೇಳಿದವರಿಗೆ ನಾನು ಹೇಳುವುದು ನಮ್ಮ ಕಡೆಯ ಮಾತು: ಶಿಕ್ಕಾ. ಕಚೇರಿಯಲ್ಲಿ ಹೊಡೆಯುತ್ತಾರಲ್ಲ, ಅದೇ. ಈ ಬಾಗಿಲು ಇಂಥವರದು ಎಂದು ಮೇಲಿನವರೊಬ್ಬರು ಒತ್ತಿದ ಮುದ್ರೆ. ಒಳಗಿರುವವನು ಸಾಚಾ ಮನುಷ್ಯ ಎಂದು ಅದು ಹೇಳುವುದಿಲ್ಲ. ಇದನ್ನು ಹತ್ತು ಸಲ ಹೇಳಿದರೂ ಜನ ಮರೆಯುತ್ತಾರೆ.

ನಮ್ಮಜ್ಜನ ಟ್ರಂಕಿನಲ್ಲಿ ನಿಜಾಮ ಸರಕಾರದ ಕಾಲದ ಉರ್ದು ಛಾಪಾ ಕಾಗದಗಳಿದ್ದವು. ತಾರೀಖು ಫಸಲಿಯಲ್ಲಿ. 1350 ಅಂತ ಬರೆದಿದ್ದರೆ 590 ಕೂಡಿಸಬೇಕು, 1940-41 ಸಿಗುತ್ತದೆ. ಶಿಕ್ಕಾ ನೋಡುವ ಮುಂಚೆ ಲೆಕ್ಕ ಮಾಡು ಅನ್ನುವುದು ಅಜ್ಜನ ಪಾಠ. ಅದು ನನಗೆ ಇವತ್ತಿಗೂ ಬೇಕಾಗುತ್ತದೆ. ಸರ್ಟಿಫಿಕೇಟಿನ ಕೊನೆಯ ಗಳಿಗೆಯನ್ನು ಗ್ರೀನಿಚ್ ವೇಳೆಯಲ್ಲಿ ಬರೆದಿರುತ್ತಾರೆ, ಅದಕ್ಕೆ ಐದೂವರೆ ತಾಸು ಕೂಡಿಸಬೇಕು. ರಾತ್ರಿ 23:59ಕ್ಕೆ ಸಾಯುವ ಸರ್ಟಿಫಿಕೇಟು ನಮ್ಮಲ್ಲಿ ಮರುದಿನ ಬೆಳಗಿನ 5:29ರವರೆಗೆ ಉಸಿರಾಡುತ್ತದೆ. ಈ ಐದೂವರೆ ತಾಸು ನನ್ನ ಮಾನ ಉಳಿಸಿದ್ದುಂಟು.

ಅಜ್ಜ ಇನ್ನೊಂದು ಮಾತು ಹೇಳುತ್ತಿದ್ದ. ಶಿಕ್ಕಾ ಕಳೆದರೆ ಡಂಗುರ ಹೊಡೆಸಬೇಕು, ಆದರೆ ಆ ದಿನ ಊರಲ್ಲಿ ಇಲ್ಲದವನ ಕಿವಿಗೆ ಡಂಗುರ ಮುಟ್ಟುವುದಿಲ್ಲ. ಅವನು ಕಳ್ಳ ಶಿಕ್ಕಾ ನಂಬಿಯೇ ನಂಬುತ್ತಾನೆ. ವೆಬ್ ಸರ್ಟಿಫಿಕೇಟುಗಳ ಮೂವತ್ತು ವರ್ಷದ ಚರಿತ್ರೆಯಲ್ಲಿ ನನಗೆ ಮುಖ್ಯವಾಗಿ ಕಾಣುವುದು ಈ ಡಂಗುರದ ಸೋಲು.

ನೆಟ್‌ಸ್ಕೇಪ್ ಕಂಪನಿ 1995ರಲ್ಲಿ ಈ ಏರ್ಪಾಟನ್ನು ಜನರ ಕೈಗೆ ಕೊಟ್ಟಿತು. ಶಿಕ್ಕಾ ಪರೀಕ್ಷೆಯ ದೊಡ್ಡ ಹತಾರ ಓಪನ್‌ಎಸ್‌ಎಸ್‌ಎಲ್ ಬಂದದ್ದು 1998ರ ಕೊನೆಗೆ. ನಾನು ಕಲಿತದ್ದು ಅದಕ್ಕಿಂತ ಸಾದಾ ಹತಾರದಲ್ಲಿ. ಬ್ರೌಸರಿನ ಬೀಗದ ಗುರುತು ಒತ್ತಿದರೆ ವಿಂಡೋಸ್ ಒಂದು ಕಿಟಕಿ ತೆಗೆಯುತ್ತಿತ್ತು. ಅದರ ಮೂರನೆಯ ಪುಟದಲ್ಲಿ ವಂಶಾವಳಿ: ಕೆಳಗೆ ವೆಬ್‌ಸೈಟು, ಮೇಲೆ ಅದಕ್ಕೆ ಶಿಕ್ಕಾ ಒತ್ತಿದವರು, ಅದರ ಮೇಲೆ ಇವರಿಗೆ ಒತ್ತಿದವರು, ತುದಿಯಲ್ಲಿ ಮೂಲಪುರುಷ. ಮೂಲಪುರುಷನಿಗೆ ಒತ್ತಿದವರು ಯಾರೂ ಇಲ್ಲ. ತನಗೆ ತಾನೇ ಒತ್ತಿಕೊಂಡವನು.

ನಮ್ಮ ದೇಶದ ಮೂಲಪುರುಷ ಮಾಹಿತಿ ತಂತ್ರಜ್ಞಾನ ಕಾಯ್ದೆಯಿಂದ ಹುಟ್ಟಿದವನು. ಆ ಕಾಯ್ದೆ 17 ಅಕ್ಟೋಬರ್ 2000ರಂದು ಜಾರಿಗೆ ಬಂತು. ಸರ್ಟಿಫಿಕೇಟು ಕೊಡುವವರಿಗೆಲ್ಲ ದಿಲ್ಲಿಯಲ್ಲಿ ಒಬ್ಬ ನಿಯಂತ್ರಕರು. ಚುಟುಕಾಗಿ ಸಿಸಿಎ. ಈ ಹೆಸರು ಆಳಂದದಲ್ಲಿ ಯಾರಿಗೂ ಗೊತ್ತಿಲ್ಲ, ಆದರೆ ಅವರ ಹಸಿರು ಟಿಕ್ ಎಲ್ಲರಿಗೂ ಗೊತ್ತು. ಡೌನ್‌ಲೋಡ್ ಮಾಡಿದ ಆಧಾರ್ ಪಿಡಿಎಫ್ ತೆರೆದರೆ ಸಹಿಯ ಜಾಗದಲ್ಲಿ ಹಳದಿ ಪ್ರಶ್ನಾರ್ಥಕ ಚಿಹ್ನೆ ಕಾಣುತ್ತದಲ್ಲ, ಸಿಸಿಎ ಮೂಲವನ್ನು ನಂಬು ಎಂದು ಅಡೋಬಿಗೆ ಹೇಳಿಕೊಟ್ಟರೆ ಅದೇ ಚಿಹ್ನೆ ಹಸಿರಾಗುತ್ತದೆ. ಒಬ್ಬ ಕಾಕಾ ಮೂರು ಸಲ ಬಂದಿದ್ದರು. “ಹಸರ ಆಗಲಾರದ ಕಾಗದ ತರಬ್ಯಾಡ ಅಂತಾರ್ರೀ.” ಕಾಗದ ಮೊದಲಿನಿಂದಲೂ ಅಸಲಿಯೇ. ನನ್ನ ಕಂಪ್ಯೂಟರಿಗೆ ಅಪ್ಪನ ಪರಿಚಯ ಇರಲಿಲ್ಲ, ಅಷ್ಟೇ.

ಅದೇ ಮೂಲಕ್ಕೆ 2014ರಲ್ಲಿ ಕುತ್ತು ಬಂತು. ಸಿಸಿಎ ಕೆಳಗೆ ಸರಕಾರದ ಎನ್‌ಐಸಿ ಕೂಡ ಸರ್ಟಿಫಿಕೇಟು ಕೊಡುತ್ತಿತ್ತು. ಗೂಗಲ್‌ನ ವಿಳಾಸಗಳಿಗೆ ಅಲ್ಲಿಂದ ಕಳ್ಳ ಸರ್ಟಿಫಿಕೇಟು ಹೊರಬಿದ್ದದ್ದು ಜುಲೈ 2ಕ್ಕೆ ಗೂಗಲ್ ಕಣ್ಣಿಗೆ ಬಿತ್ತು. ಮರುದಿನವೇ ಸಿಸಿಎ ಆ ಕವಲನ್ನು ರದ್ದು ಮಾಡಿತು. ತಪ್ಪಾಗಿ ಹೋದವು ನಾಲ್ಕೇ ಎಂಬ ವರದಿ ಬಂತು, ಆ ನಾಲ್ಕರಲ್ಲಿ ಸೇರದವನ್ನೂ ತಾನು ಕಂಡಿದ್ದೇನೆ ಎಂದು ಗೂಗಲ್ ಹೇಳಿತು. ಆಮೇಲೆ ಕ್ರೋಮ್ ಮಾಡಿದ್ದು ನಮ್ಮ ಊರ ಪಂಚರು ಮಾಡುವಂಥದು: ಸಿಸಿಎ ಮಾತು ಇನ್ನು ಗವ್ ಡಾಟ್ ಇನ್, ನಿಕ್ ಡಾಟ್ ಇನ್, ಎಸಿ ಡಾಟ್ ಇನ್‌ನಂಥ ಕೆಲವೇ ಓಣಿಗಳಲ್ಲಿ ನಡೆಯುತ್ತದೆ, ಹೊರಗೆ ನಡೆಯುವುದಿಲ್ಲ. ಫೈರ್‌ಫಾಕ್ಸ್ ಬಳಸುವವರಿಗೆ ಇದರ ಬಿಸಿಯೇ ತಟ್ಟಲಿಲ್ಲ. ಯಾವ ಮೂಲಗಳನ್ನು ನಂಬಬೇಕು ಎಂಬುದಕ್ಕೆ ಅದು ಕ್ರೋಮ್‌ನಂತೆ ವಿಂಡೋಸಿನ ಪಟ್ಟಿ ನೋಡದೆ ತನ್ನದೇ ಪಟ್ಟಿ ಇಟ್ಟುಕೊಂಡಿತ್ತು, ಅದರಲ್ಲಿ ಸಿಸಿಎ ಇರಲಿಲ್ಲ.

ಗಮನಿಸಬೇಕಾದ್ದು, ಸಿಸಿಎ ರದ್ದು ಮಾಡಿದ್ದಷ್ಟೇ ಸಾಲಲಿಲ್ಲ. ರದ್ದಾಗಿದೆಯೇ ಎಂದು ಪ್ರತಿ ಸಲ ಕೇಳಿನೋಡುವುದನ್ನು ಕ್ರೋಮ್ 2012ರಲ್ಲೇ ಬಿಟ್ಟಿತ್ತು. ಕೇಳಿದರೆ ತಡ, ಉತ್ತರ ಬರದಿದ್ದರೆ ಹೇಗೂ ಒಳಗೆ ಬಿಡುವುದು. ಬದಲಿಗೆ ರದ್ದಾದವುಗಳ ಒಂದು ಪಟ್ಟಿಯನ್ನು ತಾನೇ ಕಳಿಸುತ್ತಿತ್ತು. ಡಂಗುರ ಊರೆಲ್ಲ ಮುಟ್ಟುವುದಿಲ್ಲ ಎಂದಮೇಲೆ ಉಳಿದದ್ದು ಒಂದೇ ದಾರಿ: ಶಿಕ್ಕಾದ ಆಯುಷ್ಯವನ್ನೇ ಕಡಿಮೆ ಮಾಡುವುದು. ಕಳುವಾದರೂ ಬೇಗ ಸಾಯಲಿ. 2015ರ ಹೊತ್ತಿಗೆ 39 ತಿಂಗಳು ಇದ್ದದ್ದು 2018ರಲ್ಲಿ 825 ದಿನ, 2020ರ ಸೆಪ್ಟೆಂಬರಿನಿಂದ 398 ದಿನ. ಮಾರ್ಚ್ 15, 2026ರಿಂದ 200 ದಿನ. 2029ಕ್ಕೆ 47 ದಿನ ಎಂದು ಈಗಲೇ ಬರೆದಿಟ್ಟಿದ್ದಾರೆ.

ನಾನು ಮೊದಲು ಗೋಡೆಯ ಕ್ಯಾಲೆಂಡರಿನಲ್ಲಿ ಕೆಂಪು ಸುತ್ತು ಹಾಕುತ್ತಿದ್ದೆ. ಅಫಜಲಪುರದ್ದು ಎಳ್ಳಮವಾಸ್ಯೆಯ ಆಸುಪಾಸು, ಚರಗ ಚೆಲ್ಲಿ ಬಂದಮೇಲೆ ದುಡ್ಡು ಕಟ್ಟು ಎಂದು ನೆನಪು. ಲೆಟ್ಸ್ ಎನ್‌ಕ್ರಿಪ್ಟ್ ಡಿಸೆಂಬರ್ 2015ರಿಂದ ಪುಕ್ಕಟೆ ಕೊಡತೊಡಗಿತು, ಆದರೆ ತೊಂಬತ್ತೇ ದಿನಕ್ಕೆ. ತೊಂಬತ್ತು ದಿನಕ್ಕೊಮ್ಮೆ ಹಬ್ಬ ಎಲ್ಲಿಂದ ತರುವುದು? ಅದಕ್ಕೆ ಸರ್ಟ್‌ಬಾಟ್ ಎಂಬ ಪ್ರೋಗ್ರಾಮು. ತಾನೇ ಕೇಳಿ, ತಾನೇ ತಂದು, ತಾನೇ ಹಾಕುತ್ತದೆ.

ಹಾಕುತ್ತದೆ ಎಂದು ನಾನೂ ನಂಬಿದ್ದೆ. ಒಂದು ಸಂಸ್ಥೆಯ ಪ್ರವೇಶಾತಿ ನಡೆದಿದ್ದ ದಿನ ಬೆಳಿಗ್ಗೆ ಎಂಟಕ್ಕೆ ಫೋನು, ಸೈಟ್ ಕೆಂಪಾಗಿದೆ. ಸರ್ವರಿನೊಳಗೆ ಹೋಗಿ ಫೈಲು ತೆರೆದರೆ ಮುಗಿಯುವ ತಾರೀಖು ಇನ್ನೂ ಎರಡು ತಿಂಗಳು ದೂರ. ಹೊರಗಿನಿಂದ ಓಪನ್‌ಎಸ್‌ಎಸ್‌ಎಲ್‌ನಲ್ಲಿ ಕೇಳಿದರೆ ನಿನ್ನೆ ಮುಗಿದಿದೆ ಅನ್ನುತ್ತದೆ. ಅರ್ಧ ತಾಸು ತಲೆ ಕೆರೆದುಕೊಂಡೆ. ಸರ್ಟ್‌ಬಾಟ್ ಹೊಸ ಶಿಕ್ಕಾ ತಂದು ಪೆಟ್ಟಿಗೆಯಲ್ಲಿಟ್ಟು ತಿಂಗಳಾಗಿತ್ತು. ಬಾಗಿಲಲ್ಲಿ ಕೂತ ವೆಬ್‌ಸರ್ವರನ್ನು ಯಾರೂ ಎಬ್ಬಿಸಿರಲಿಲ್ಲ, ಅದು ಹಳೆಯದನ್ನೇ ಹಿಡಿದು ಕೂತಿತ್ತು. ಒಂದು ರೀಲೋಡ್ ಆದೇಶ, ಎರಡು ಸೆಕೆಂಡಿನ ಕೆಲಸ. ತಪ್ಪು ನನ್ನದೇ. ಆವತ್ತಿನಿಂದ ಪೆಟ್ಟಿಗೆಯನ್ನು ನಾನು ನಂಬುವುದಿಲ್ಲ, ಬಾಗಿಲಿಗೆ ಹೋಗಿಯೇ ನೋಡುತ್ತೇನೆ. ಈ ಕೆಲಸದ ಹತಾರಗಳಲ್ಲಿ ಹೊರಗಿನಿಂದ ನೋಡುವವೇ ಮೇಲು ಎನ್ನುವುದು ನನ್ನ ಪಕ್ಷಪಾತ.

ಹೊರಗಿನಿಂದ ನೋಡುವ ಇನ್ನೊಂದು ದಾರಿ ಬಹಿರಂಗ ಖಾತೆ ಪುಸ್ತಕ. ಕೊಟ್ಟ ಪ್ರತಿ ಸರ್ಟಿಫಿಕೇಟೂ ಅದರಲ್ಲಿ ದಾಖಲಾಗಿರಬೇಕು ಎಂದು ಕ್ರೋಮ್ 2018ರ ಏಪ್ರಿಲ್‌ನಿಂದ ಹಟ ಹಿಡಿಯಿತು. ಪಹಣಿಯಂತೆ, ಯಾರು ಬೇಕಾದರೂ ತೆಗೆದು ನೋಡಬಹುದು. ಅಫಜಲಪುರದ ಒಂದು ಟ್ರಸ್ಟಿನ ಹೆಸರು ಹಾಕಿದರೆ ನನಗಿಂತ ಮುಂಚೆ ಇದ್ದ ಹುಡುಗ ಮಾಡಿ ಮರೆತಿದ್ದ ಎರಡು ಉಪವಿಳಾಸಗಳು ಎದ್ದುಬಂದವು. ಟ್ರಸ್ಟಿನವರಿಗೇ ಅವುಗಳ ಸುದ್ದಿ ಗೊತ್ತಿರಲಿಲ್ಲ.

30 ಸೆಪ್ಟೆಂಬರ್ 2021ರ ಸಂಜೆ ಏಳೂವರೆಗೆ ಲೆಟ್ಸ್ ಎನ್‌ಕ್ರಿಪ್ಟ್ ಆತುಕೊಂಡಿದ್ದ ಹಳೆಯ ಮೂಲವೊಂದರ ಆಯುಷ್ಯವೇ ಮುಗಿಯಿತು. ಅಪ್‌ಡೇಟ್ ಬಂದ್ ಮಾಡಿಟ್ಟಿದ್ದ ಹಳೆಯ ವಿಂಡೋಸ್ 7 ಯಂತ್ರಗಳಲ್ಲಿ ಮರುದಿನ ಗೋಳು. ಅವಕ್ಕೆ ಫೈರ್‌ಫಾಕ್ಸ್ ಹಾಕಿಕೊಟ್ಟೆ. 2014ರಲ್ಲಿ ಕಾಯ್ದ ಆ ಸ್ವಂತ ಪಟ್ಟಿಯೇ ಇಲ್ಲೂ ಕಾಯ್ದಿತು.

ಬೀಗದ ಗುರುತನ್ನು ಕ್ರೋಮ್ 2023ರ ಸೆಪ್ಟೆಂಬರಿನಲ್ಲಿ ತೆಗೆದುಬಿಟ್ಟಿತು. ಬೀಗ ಕಂಡರೆ ಜನ ಸೈಟನ್ನೇ ನಂಬುತ್ತಾರೆ ಎಂಬ ಕಾರಣಕ್ಕೆ. ನನ್ನ ಗೋಡೆಯ ಕ್ಯಾಲೆಂಡರಿನಲ್ಲೂ ಈಗ ಕೆಂಪು ಸುತ್ತುಗಳಿಲ್ಲ. ಸ್ಕ್ರಿಪ್ಟ್ ಒಂದು ದಿನಾ ಬೆಳಿಗ್ಗೆ ಆರಕ್ಕೆ ಬಾಗಿಲು ತಟ್ಟಿ ಬಂದು ಮೊಬೈಲಿಗೆ ಸಾಲು ಕಳಿಸುತ್ತದೆ. ಕ್ಯಾಲೆಂಡರಿನ ಅಂಚಿನಲ್ಲಿ ಈ ತಿಂಗಳು ಬರೆದದ್ದು ಇಷ್ಟೇ: ಅಂಗಡಿ ಬಾಡಿಗೆ, ಮತ್ತೆ ಕಲಬುರಗಿಗೆ ಹೋದಾಗ ಸಿಆರ್2032 ಸೆಲ್, ಇಪ್ಪತ್ತು.